ಕಾಲಂ ಏಳು: ಖಾಲಿ ಜಾಗ

ಕೋಡಿಬೆಂಗ್ರೆಯಲ್ಲಿ ಮೊದಲ ಸಮಸ್ಯೆ, ಎಲ್ಲಿ ನಿಲ್ಲುವುದು.
ಪಡುವಣಕ್ಕೆ ಕಡಲು, ಮೂಡಣಕ್ಕೆ ಹೊಳೆ,
ನಡುವೆ ಒಂದು ರಸ್ತೆ, ರಸ್ತೆಗೆ ಆತುಕೊಂಡು ಊರು.
ಉಪಕರಣದ ಮುಕ್ಕಾಲಿಯ ಒಂದು ಕಾಲು
ಮರಳಲ್ಲಿ ಇಳಿಯುತ್ತಲೇ ಇತ್ತು,
ಮಟ್ಟದ ಗುಳ್ಳೆ ನಡುವಿಗೆ ಬರಲೊಲ್ಲದು.
ಮೂರು ಸಲ ಸರಿಮಾಡಿದೆ.
ನಾಲ್ಕನೆಯ ಸಲ ಒಬ್ಬ ಹುಡುಗ
ತೆಂಗಿನ ಕೊತ್ತಳಿಗೆ ತಂದು ಕಾಲಡಿಗೆ ಕೊಟ್ಟ.
ಗುಳ್ಳೆ ಬಂತು, ನಿಂತಿತು.

ಇಲಾಖೆಯ ನಮೂನೆ ಹೀಗಿದೆ:
ಬಿರುಗಾಳಿಗೆ ಕಡಲು ಮೂರು ಮೀಟರು ಏರಿದರೆ
ಯಾವ ನೆಲ ಎಷ್ಟು ಒಡ್ಡಿಕೊಂಡಿದೆ.
ವಾಸದ ಮನೆ, ತೋಟ, ಗದ್ದೆ, ರಸ್ತೆ, ಶಾಲೆ, ವಾಣಿಜ್ಯ,
ಏಳನೆಯದು ಖಾಲಿ ಜಾಗ.
ನೀರಿನ ಎತ್ತರವನ್ನು ನೆಲದ ಬೆಲೆಯಿಂದ ಗುಣಿಸಬೇಕು.
ಉತ್ತರಕ್ಕೆ ಒಂದು ಬಣ್ಣ ಬರುತ್ತದೆ.

ಗುಲಾಬಿ ಕುಂದರ್ ಅವರ ಅಳತೆ ಬೇರೆ.
"ಎರಡನೇ ಮೆಟ್ಟಿಲು, ನನ್ನ ಮದುವೆಯ ವರ್ಷ.
ನಾಲ್ಕನೆಯದು, ದೊಡ್ಡವ ತೊಟ್ಟಿಲಲ್ಲಿದ್ದಾಗ.
ಹೊಸ್ತಿಲು ದಾಟಿದ್ದು ಒಂದೇ ಸಲ.
ಅಕ್ಕಿ ಡಬ್ಬದವರೆಗೆ ಬಂತು, ನೋಡಿತು, ಹೋಯಿತು."
ಬರೆದುಕೊಂಡೆ: ನೆಲಮಟ್ಟದಿಂದ ತೊಂಬತ್ತೊಂದು ಸೆಂಟಿಮೀಟರು.
"ಗಾಳಿ ಯಾವ ದಿಕ್ಕಿನಿಂದ?"
"ಗಾಳಿಯ ಮಾತು ಬಿಡಿ. ಅದು ಹೊಳೆ.
ಕಡಲು ಉಬ್ಬಿ ಅಳಿವೆಗೆ ಅಡ್ಡ ನಿಂತಿತು,
ಹೊಳೆಗೆ ಹೋಗಲು ದಾರಿ ಇಲ್ಲ.
ನೀರು ಬಂದದ್ದು ಹಿತ್ತಿಲಿಂದ."
ನನ್ನ ನಕ್ಷೆಯಲ್ಲಿ ಹಿತ್ತಿಲೇ ಇಲ್ಲ.
ಬಾಣಗಳೆಲ್ಲ ಪಡುವಣದಿಂದ.

ಬಾವಿಯ ನೀರು ಕೊಟ್ಟರು.
ರುಚಿಯ ಬಗ್ಗೆ ಏನು ಹೇಳಲಿ ಎಂದು ನಾನು ಹುಡುಕುವಷ್ಟರಲ್ಲಿ
"ಗಂಜಿಗೆ ಉಪ್ಪು ಹಾಕುವುದು ಬಿಟ್ಟು ಎರಡು ವರ್ಷ" ಎಂದು
ಲೋಟ ತೊಳೆದಿಟ್ಟರು.

ತೆಂಕಣ ಬದಿಯ ರೆಸಾರ್ಟಿಗೆ ಕರಿಕಲ್ಲಿನ ಗೋಡೆ.
ಮ್ಯಾನೇಜರು ಎಳನೀರು ಕೊಟ್ಟ,
ಹಾಸಿಗೆಗಳ ಲೆಕ್ಕ ಕೊಟ್ಟ, ವಿಮೆಯ ಪ್ರತಿ ಕೊಟ್ಟ.
ಕೆಂಪು, ಎದ್ದು ಕಾಣುವ ಕೆಂಪು ಬಂತು.
ಗೋಡೆ ಮುಗಿದಲ್ಲಿ
ಕಡಲು ಮರಳನ್ನು ಕತ್ತಿಯ ಬಾಗಿಗೆ ತಿಂದಿದೆ,
ಬಂಗಡೆಬಳ್ಳಿಯ ಬೇರು ಗಾಳಿಯಲ್ಲಿ ನೇತಾಡುತ್ತಿದೆ.
ಅಲ್ಲಿಂದ ಮುಂದೆ ಮೀನು ಒಣಗಿಸುವ ಜಾಗ.

ಏಪ್ರಿಲಿನ ಬಿಸಿಲು.
ಹಳೆ ಬಲೆಯ ಮೇಲೆ ನಂಗು, ಬೂತಾಯಿ,
ಕಾಗೆಗೆಂದು ಕಟ್ಟಿದ ಕಪ್ಪು ಪ್ಲಾಸ್ಟಿಕ್ಕು ಪಟಪಟ,
ಹನ್ನೊಂದು ಹೆಂಗಸರು ಬಾಗಿ ಮಗುಚುತ್ತಿದ್ದಾರೆ.
ದೋಣಿ ಇಳಿಯದ ಎರಡು ತಿಂಗಳು
ಘಟ್ಟದಾಚೆಯ ಸಂತೆಗೂ ಇಲ್ಲಿಂದಲೇ ಸಾರು.
ಕಾಗದದಲ್ಲಿ ಇದು ಸರ್ಕಾರಿ ಖರಾಬು.
ಟ್ಯಾಬಿನ ಮೇಲೆ ಬೆರಳಿಟ್ಟೆ: ಏಳು.
ನೀರು ಮೂರು ಮೀಟರು, ಬೆಲೆ ಸೊನ್ನೆ.
ಮೂರನ್ನು ಸೊನ್ನೆಯಿಂದ ಗುಣಿಸಿದರೆ
ಹಸಿರು.

ಜಲಜಾ ಎಂಬವಳು ಹೆಗಲ ಮೇಲಿಂದ ಇಣುಕಿದಳು.
"ಹಸಿರು ಅಂದರೆ?"
"ಅಪಾಯ ಇಲ್ಲ ಅಂತ."
ಅವಳು ತಿರುಗಿ ಎಲ್ಲರಿಗೂ ತುಳುವಿನಲ್ಲಿ ಹೇಳಿದಳು.
ನಕ್ಕರು. ಒಬ್ಬಾಕೆ ನಗಲಿಲ್ಲ,
ಕಳೆದ ಜೂನಿನಲ್ಲಿ ಹೋದ ಬುಟ್ಟಿಗಳನ್ನು
ಬೆರಳ ಗೆಣ್ಣಿನಲ್ಲಿ ಎಣಿಸತೊಡಗಿದಳು,
ಒಂದು ಕೈ ಮುಗಿದು
ಇನ್ನೊಂದು ಕೈಗೆ ಹೋದಳು.

ವಾಸದ ಮನೆ ಎಂದು ಬರೆದರೆ ಸುಳ್ಳು.
ವಾಣಿಜ್ಯ ಎಂದರೆ ನಾಳೆ ಇವರ ಬಾಗಿಲಿಗೆ ನೋಟಿಸು.
ಷರಾ ಎಂಬಲ್ಲಿ ಅರವತ್ತು ಅಕ್ಷರಕ್ಕೆ ಜಾಗ.
"ಹನ್ನೊಂದು ಮಂದಿ. ನೀರು ಹಿಂದಿನಿಂದಲೂ ಬರುತ್ತದೆ" ಎಂದು ಬರೆದೆ.
ಬುಟ್ಟಿಗಳಿಗೆ ಅಕ್ಷರ ಉಳಿಯಲಿಲ್ಲ.
ಯಾರು ಓದುತ್ತಾರೋ.
ಬಣ್ಣ ಹಸಿರೇ ಇತ್ತು.

ಸಂಜೆ ಮುಕ್ಕಾಲಿ ಮಡಚುವಾಗ ಆ ಹುಡುಗ ಬಂದ,
ಕೊತ್ತಳಿಗೆ ವಾಪಸು ಬೇಕಂತೆ, ಅದು ಅವನ ಬ್ಯಾಟು.
ನಾನು ನೆಟ್ಟಿದ್ದ ಗುರುತಿನ ಗೂಟಗಳು
ಅಷ್ಟರಲ್ಲೇ ರಸ್ತೆಯಂಚಿನಲ್ಲಿ ವಿಕೆಟ್ಟಾಗಿ ನಿಂತಿದ್ದವು.
ನಿಯಮ ಕೇಳಿದೆ.
ಚೆಂಡು ಹೊಳೆಗೆ ಬಿದ್ದರೆ ನಾಲ್ಕು,
ಕಡಲಿಗೆ ಬಿದ್ದರೆ ಔಟು.