ನೇರಳೆ ಬಟ್ಟೆ

ಬೂದಿ ಬುಧವಾರ ಹಣೆಗಿಟ್ಟ ಶಿಲುಬೆ
ರಾತ್ರಿ ಹತ್ತಕ್ಕೂ ಹಾಗೇ ಇತ್ತು.
ಭಕ್ತಿಯಿಂದಲ್ಲ.
ಮುಖ ತೊಳೆಯಲು ಒಂದು ತಂಬಿಗೆ ಮಿಕ್ಕಿರಲಿಲ್ಲ, ಅಷ್ಟೆ.

ಕಲೀನಾದ ನಮ್ಮ ಓಣಿಗೆ ನೀರು
ಬೆಳಗಿನ ಜಾವ ನಾಲ್ಕೂ ಇಪ್ಪತ್ತಕ್ಕೆ ಬರುತ್ತದೆ,
ಐದೂ ಹತ್ತಕ್ಕೆ ಹೋಗುತ್ತದೆ.
ಮೊದಲು ನಲ್ಲಿ ಕೆಮ್ಮುತ್ತದೆ, ಆಮೇಲೆ ಉಗುಳುತ್ತದೆ.
ಆಮೇಲೆ ಪಂಪು.
ಬೋನಾ ಕುರ್ಲಾದ ಗುಜರಿಯಿಂದ ತಂದ ಅರ್ಧ ಎಚ್‌ಪಿ,
ಬಚ್ಚಲ ಮೂಲೆಯಲ್ಲಿ ಗೋಣಿ ಹೊದ್ದು ಕೂತು
ಎಳನೀರಿನ ತಳದಲ್ಲಿ ನಳಿಗೆಯಾಡಿಸುವ ಮಗುವಿನ ಹಾಗೆ
ಸದ್ದು ಮಾಡಿ ಹೀರುತ್ತಿತ್ತು.
ಓಣಿಗೆ ಏಳು ಮನೆ, ನಾಲ್ಕು ಪಂಪು.
ನಮ್ಮದು ಆರನೆಯ ಮನೆ.
ಏಳನೆಯದು ಶೇವಂತಾಬಾಯಿಯದು, ಗೋಡೆ ಮುಗಿಯುವಲ್ಲಿ.
ಅವಳಿಗೂ ನಲ್ಲಿಯಿದೆ.
ಅದಕ್ಕೆ ಅವಳು ಟವೆಲು ನೇತು ಹಾಕುತ್ತಾಳೆ.

ಕಿನ್ನಿಗೋಳಿಯಲ್ಲಿ ತಪಸ್ಸುಕಾಲಕ್ಕೆ
ಅಮ್ಮ ಮೀನು ಬಿಡುತ್ತಿದ್ದಳು, ಅಪ್ಪ ಬೀಡಿ.
ಅಪ್ಪನ ಆ ನಲವತ್ತು ದಿನ
ಮನೆಯವರೆಲ್ಲ ಗೋಡೆ ಹಿಡಿದು ನಡೆಯುತ್ತಿದ್ದೆವು.
ಮುಂಬಯಿಗೆ ಬಂದ ಮೇಲೆ ನಾನು
ಬಂಗುಡೆ ಬಿಟ್ಟು ಪನೀರು ತಿಂದೆ,
ಅದಕ್ಕೂ ಉಪವಾಸವೆಂದೇ ಹೆಸರಿಟ್ಟೆ.

ಫಾದರ್ ಕಾಸ್ಮೀರ್ ಈ ಸಲ ಪ್ರಸಂಗದಲ್ಲಿ ಹೇಳಿದರು:
ಮಣ್ಣಿನಿಂದ ಬಂದವರು ಮಣ್ಣನ್ನೂ ಕೊಂಚ ವಿಚಾರಿಸಿಕೊಳ್ಳಿ.
ಹುಡುಗರು ಕೈಗವಸು ತೊಟ್ಟು ಮಿಠಿ ನದಿಗಿಳಿದರು
(ಸಿಹಿ ಎಂಬುದು ಅದರ ಹೆಸರಲ್ಲಿ ಮಾತ್ರ).
ಹನ್ನೊಂದು ಚೀಲ ಪ್ಲಾಸ್ಟಿಕ್ಕು, ಒಂದು ಫೋಟೋ.
ಮರುದಿನದ ಭರತ
ಎಲ್ಲವನ್ನೂ ತಂದು ದಡಕ್ಕಿಟ್ಟು ಹೋಯಿತು,
ಮರೆತುಹೋದ ಸಾಮಾನು ಮರಳಿಸುವ ನೆರೆಯವಳಂತೆ.

ನಾನು ದರ್ಜಿ. ನದಿಗಿಳಿಯುವ ಮಂಡಿ ನನ್ನದಲ್ಲ.
ಇಗರ್ಜಿಯ ಪ್ರತಿಮೆಗಳಿಗೆ ನೇರಳೆ ಮುಸುಕು ಹೊಲಿದೆ:
ಸಂತ ಅಂತೋನಿಗೆ ಒಂದೂಕಾಲು ಮೀಟರು,
ಮಾತೆಗೆ ಎರಡು, ಜೋಸೆಫರಿಗೆ ಕೋಲು ಸೇರಿ ಎರಡೂವರೆ.
ಒಂದು ತುಂಡು ಉಳಿಯಿತು.
ಬಚ್ಚಲಿಗೆ ಹೋಗಿ ಪ್ಲಗ್ಗು ಕಿತ್ತೆ,
ಪಂಪಿನ ಮೇಲೆ ಹೊದಿಸಿದೆ.

‘ಇದು ಯಾವ ಸಂತ?’ ಅಂದ ಬೋನಾ.
ಮೂರನೆಯ ದಿನ ಅರ್ಧ ಬಕೆಟ್ಟು ನೋಡಿ
‘ನಿನ್ನ ದೇವರಿಗೆ ನನ್ನ ಸ್ನಾನವೇ ಬೇಕಿತ್ತೇ?’

ಅಕ್ಕಿ ತೊಳೆದದ್ದರಲ್ಲಿ ಪಾತ್ರೆ ಅದ್ದಿದೆ,
ಪಾತ್ರೆಯದರಲ್ಲಿ ನೆಲ ಒರೆಸಿದೆ,
ಅದೂ ಮಿಕ್ಕರೆ ಓಣಿಯ ಕುರುಸಿನ ಬುಡದ
ಬಾದಾಮಿ ಸಸಿಗೆ. ಅದು ಎರಡೆಲೆ ಬಿಟ್ಟಿತು,
ಒಂದನ್ನು ಆಡು ತಿಂದಿತು.

ಕೊಡ ತುಂಬಲು ಈಗ ಮೂವತ್ತು ನಮೋ ಮರಿಯಾ ಬೇಕು.
ಮೊದಲು ಪಂಪು
ಒಂದನ್ನೂ ಮುಗಿಸಗೊಡುತ್ತಿರಲಿಲ್ಲ.

ಅದರ ಗದ್ದಲ ಕಿವಿಯಿಂದ ಇಳಿಯಲು ಎರಡು ವಾರ ಹಿಡಿಯಿತು.
ಆಮೇಲೊಂದು ಬೆಳಗು,
ನೆತ್ತಿಯ ಮೇಲೆ ಮೊದಲ ವಿಮಾನ ಇಳಿದು ಹೋದ ಮೇಲೆ,
ಗೋಡೆಯಾಚೆ ಸ್ಟೀಲಿನ ಹಂಡೆಯೊಳಗೆ
ಯಾರೋ ಕಾಳು ಸುರಿದ ಹಾಗೆ.
ಸ್ವರ ಮೊದಲು ಟೊಳ್ಳು, ನಿಧಾನಕ್ಕೆ ದಪ್ಪ,
ಕೊನೆಗೆ ಸ್ವರವೇ ಇಲ್ಲ. ತುಂಬಿದೆ.

ಬಾಗಿಲಲ್ಲಿ ಸಿಕ್ಕಿದಳು ಶೇವಂತಾಬಾಯಿ,
ತೊಳೆದ ಕೂದಲು ಬೆನ್ನಿಗೆ ಹರವಿ.
‘ಮಹಾಪಾಲಿಕೆಯವರು ಪೈಪು ರಿಪೇರಿ ಮಾಡಿದ್ದಾರೆ,
ಅವರ ಹೊಟ್ಟೆ ತಣ್ಣಗಿರಲಿ!’
ಬಾಯಿ ತೆರೆದೆ, ಮುಚ್ಚಿಕೊಂಡೆ.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದಿದೆ.
ಬಲಗೈ ಕದ್ದದ್ದು?
ಆ ಶುಕ್ರವಾರ ಶಿಲುಬೆ ಹಾದಿಯಲ್ಲಿ
ಹತ್ತನೆಯ ಸ್ಥಳದ ಮುಂದೆ, ಬಟ್ಟೆ ಕಳಚುವಲ್ಲಿ,
ಎದ್ದೇಳಲು ತಡವಾಯಿತು ನನಗೆ.
ಮಂಡಿನೋವು ಅಂದುಕೊಂಡರು ಎಲ್ಲರೂ.

ಪಾಸ್ಖಕ್ಕೆ ಇನ್ನು ಒಂಬತ್ತು ದಿನ.
ಬೋನಾ ಹೊಸ ವಾಷರು ತಂದು
ಗಡಿಯಾರದ ಕೆಳಗೆ ಕಾಣುವಂತೆ ಇಟ್ಟಿದ್ದಾನೆ.
ಅವನೂ ಏನೂ ಅನ್ನುವುದಿಲ್ಲ, ನಾನೂ ಇಲ್ಲ.
ಮಷೀನಿಗೆ ಕೂತಿದ್ದೇನೆ.
ಪಂಪಿನ ಬಟ್ಟೆಯ ಅಂಚು ನೂಲು ಬಿಡುತ್ತಿದೆ.
ನಾಲ್ಕೂ ಕಡೆ ಮಡಚಿ
ಇಮ್ಮಡಿ ಹೊಲಿಗೆ ಹಾಕುತ್ತಿದ್ದೇನೆ,
ಬಾಳಿಕೆ ಬರಲಿ ಎಂದು.