ಕೋವಿ ನೋಡುವ ಶಾಸ್ತ್ರ

ಕಿನ್ನಿಗೋಳಿಯ ಬಸ್ಸಲ್ಲಿ ಕಿಟಕಿಯ ಸೀಟು ಬೊನಿಫಾಸನಿಗೆ.
ಬಲಗಾಲು ಉದ್ದಕ್ಕೆ ಚಾಚಬೇಕು ಅವನಿಗೆ,
ಮೊಣಗಂಟಿನೊಳಗೆ ನನ್ನದೊಂದು ಚರೆ ಉಂಟು,
ಹೆಸರುಕಾಳಿನಷ್ಟು, ಹನ್ನೊಂದು ವರ್ಷದ್ದು.
ಏಳನ್ನು ವೆನ್ಲಾಕಿನಲ್ಲಿ ತೆಗೆದರು.
ಎಂಟನೆಯದು ಮಳೆಗೆ ಮೊದಲು ಮಾತಾಡುತ್ತದೆ.

ಹೆಣ್ಣು ನೋಡಲು ಹೊರಟವರ ಹಾಗೆ
ಇಸ್ತ್ರಿ ಅಂಗಿ ಇಬ್ಬರದ್ದೂ.
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಲೈಸನ್ಸು ನನ್ನ ಕಂಕುಳಲ್ಲಿ.
ಹಳೆಯ ಕೋವಿ ಮೂರು ಇಲೆಕ್ಷನ್ನು ಠಾಣೆಯಲ್ಲಿ ಕಳೆದು
ಕೊರಳಿಗೆ ಚೀಟಿ ಕಟ್ಟಿಕೊಂಡೇ ತುಕ್ಕು ಹಿಡಿಯಿತು.
"ಹೊಸತು ತೆಗೆಯುವಾಗ ನಾನೂ ಬರುತ್ತೇನೆ,
ನನಗೂ ಅದರಲ್ಲಿ ಪಾಲುಂಟಲ್ಲ" ಎಂದಿದ್ದ.

ಬಂದರಿನ ಓಣಿ. ಒಣಮೀನು, ಹಗ್ಗ, ಬಲೆಯ ಸೀಸ.
ಮರದ ಮೆಟ್ಟಿಲು ಹತ್ತಿದರೆ ನೋಣಯ್ಯಾಚಾರಿ,
ಮೂಗಿನ ತುದಿಗೆ ಕನ್ನಡಕ, ಬೆರಳಲ್ಲಿ ಎಣ್ಣೆ.
"ಎಂತದ್ದು ಬೇಕು?"
"ದೂರಕ್ಕೆ ಬೇಕು. ಬಾಯಿಯಿಂದ ಮದ್ದು ತುಂಬುವುದೇ,
ಆದರೆ ಇಟ್ಟಲ್ಲಿಗೆ ತಾಗಬೇಕು."
"ದೂರ ಅಂದರೆ?"
"ನೂರು ಗಜ."
ಆಚಾರಿ ಆ ಕಾಲನ್ನು ನೋಡಿದ.
"ಇವರು ಎಷ್ಟರಲ್ಲಿದ್ದರು?"
"ಮೂವತ್ತರಲ್ಲಿ," ಎಂದ ಬೊನಿಫಾಸ, ನನಗಿಂತ ಮೊದಲು.

ಮೂರು ಕೋವಿ ಚಾಪೆಯ ಮೇಲೆ.
ಒಂದಕ್ಕೆ ಮೈತುಂಬ ಹಿತ್ತಾಳೆಯ ಬಳ್ಳಿ;
ಆಚಾರಿಯೇ ಪಕ್ಕಕ್ಕೆ ಸರಿಸಿದ: "ಗೋಡೆಗೆ ಒಳ್ಳೆಯದು."
ಇನ್ನೊಂದು ನನ್ನ ಹಳೆಯದರ ತಂಗಿ,
ಒಳಗೆಲ್ಲ ನುಣ್ಣಗೆ, ಚರೆಯನ್ನು ಅಕ್ಷತೆಯಂತೆ ಎರಚುವಂಥದ್ದು.
ಮೂರನೆಯದು ಕಪ್ಪು, ಒಂದು ಹೂವಿಲ್ಲ ಮೈಯಲ್ಲಿ.
ಹಿಂದಿನ ತಿರುಪು ಬಿಚ್ಚಿ, ನಳಿಗೆಯನ್ನು ಕಿಟಕಿಗೆ ಹಿಡಿದು
"ನೋಡಿ" ಎಂದ.
ನೋಡಿದೆ. ಬೆಳಕು ನೇರ ಬರಲಿಲ್ಲ,
ಬತ್ತಿ ಹೊಸೆದಂತೆ ಸುತ್ತಿ ಸುತ್ತಿ ಬಂತು.

"ಬುಗುರಿ ಯಾಕೆ ನಿಲ್ಲುತ್ತದೆ? ತಿರುಗುತ್ತದೆ, ಅದಕ್ಕೆ.
ಗುಂಡೂ ಹಾಗೆಯೇ.
ಒಂದೇ ಗುಂಡು. ಬಲೆಯ ಸೀಸ ಸಾಕು, ಮೆದು.
ಹಳೇ ಪಂಚೆಯ ಚೂರು ಸುತ್ತಿ ಗಜದಲ್ಲಿ ನೂಕಿ,
ಹತ್ತಿಯದ್ದು ಮಾತ್ರ.
ಮದ್ದು ತೂಗಿ ಹಾಕಿ. ಕೈ ಧಾರಾಳವಾದರೆ
ದೂರ ಹೋಗುವುದು ಸದ್ದು, ಗುಂಡಲ್ಲ."

ನನ್ನ ಹೆಗಲಿಗೆ ಅದು ಆಗಲೇ ಕೂತಿತ್ತು.

ಬೊನಿಫಾಸ ಕಿಟಕಿಯಲ್ಲಿ ನಿಂತಿದ್ದ.
ಕೆಳಗೆ ಹೊಳೆ, ಬೆಂಗ್ರೆಗೆ ದಾಟುವ ದೋಣಿ.
"ಕೋವಿ ಕೆಳಗಿಡು. ಆ ದೋಣಿಯಲ್ಲಿ ಕೊಡೆ ಹಿಡಿದದ್ದು
ಗಂಡೋ ಹೆಣ್ಣೋ, ಹೇಳು."
ಕಣ್ಣು ಕಿರಿದು ಮಾಡಿದೆ.
"ಗಂಡು," ಎಂದೆ, ಅಂದಾಜಿಗೆ.
"ಕೊಡೆಯೇ ಅಲ್ಲ ಮಾರಾಯ. ತಲೆಯ ಮೇಲೆ ಬುಟ್ಟಿ."
ನಗಲಿಲ್ಲ ಅವ.

ಆ ರಾತ್ರಿಯೂ ಹಾಗೆಯೇ,
ಗೆಣಸಿನ ಸಾಲಲ್ಲಿ ಕಪ್ಪಗೆ ಅಲುಗಿದ್ದು ಹಂದಿ.
ದೇವರಾಣೆ ನನಗೆ ಗೊತ್ತಿತ್ತು.
ಕುದುರೆ ಎಳೆದೆ. ಆಮೇಲೆ ಹೊಗೆ.
ಗಾಳಿಯಿಲ್ಲದಿದ್ದರೆ ಕೇಪಿನ ಕೋವಿಯ ಹೊಗೆ ಏಳುವುದಿಲ್ಲ,
ಒದ್ದೆ ಹಾಸಿಗೆಯ ಹಾಗೆ ಗದ್ದೆಯ ಮೇಲೆ ಬಿದ್ದುಕೊಂಡಿರುತ್ತದೆ.
ಅದರ ಒಳಗಿನಿಂದ, ಮೆಲ್ಲಗೆ, ಮನುಷ್ಯನ ದನಿ:
"ಸಾಯ್ಬಾ..."
ನನ್ನ ಟಾರ್ಚನ್ನು ವಾಪಸು ಕೊಡಲು ಬಂದಿದ್ದ.
ಸೆಲ್ಲು ಮುಗಿದಿತ್ತು.

ಕೇಸಾಗಲಿಲ್ಲ. ತನ್ನದೇ ಕೈ ತಪ್ಪಿತೆಂದು
ಆಸ್ಪತ್ರೆಯ ಪುಸ್ತಕದಲ್ಲಿ ಅವನೇ ಬರೆಸಿದ.
ಆ ಸುಳ್ಳಿಗೆ ನಾನು ಇನ್ನೂ ಬಡ್ಡಿ ಕಟ್ಟುತ್ತಿದ್ದೇನೆ,
ಅವ ಒಮ್ಮೆಯೂ ಲೆಕ್ಕ ಕೇಳಲಿಲ್ಲ.

"ಮೂರನೆಯದೇ ಇರಲಿ," ಎಂದ ಈಗ ಆಚಾರಿಗೆ,
"ತುದಿಯ ನೊಣವನ್ನು ಅರುವತ್ತು ಗಜಕ್ಕೆ ಕೂರಿಸಿ.
ಅದರಾಚೆ ಇರುವುದೆಲ್ಲ ಬದುಕಿಕೊಳ್ಳಲಿ."
ಮುಂಗಡ ನಾನು ಕೊಟ್ಟೆ. ರಶೀದಿ ಅವನ ಜೇಬಿಗೆ ಹೋಯಿತು.

ಹಂಪನಕಟ್ಟೆಯಲ್ಲಿ ಕನ್ನಡಕದ ಅಂಗಡಿ.
ಗೋಡೆಯಲ್ಲಿ ಅಕ್ಷರದ ಹಲಗೆ, ಕೆಳಗಿನ ಸಾಲು ಬರೀ ಇರುವೆ.
ಅವ ಬೆಂಚಿನಲ್ಲಿ ಕಾಲು ಚಾಚಿ
ಮೊಣಗಂಟು ಉಜ್ಜುತ್ತ ಕೂತಿದ್ದ.
ಹೊರಗೆ ಸುಡುಬಿಸಿಲು.
"ಬೇಗ ಓದು," ಎಂದ, "ಮಳೆ ಬರುತ್ತದೆ."