ಹದಿನೆಂಟು ಲೀಟರ್

ಹಗಲಿಡೀ ನಾನು ಎಳೆಯುವುದು
ಇಪ್ಪತ್ತೆರಡು ಕೋಣೆಯ ವಿಲ್ಲಾಗಳ ಗೆರೆ.
ಒಂದೊಂದರಲ್ಲೂ ಯಾರೂ ಕೂರದ ಮೂರು ಮಜ್ಲಿಸ್.
ಡ್ರೈವರನ ಕೋಣೆಗೆ ಕಿಟಕಿ ಮರೆತರೆ
ಯಾರೂ ಕೇಳುವುದಿಲ್ಲ.

ಹೀಗಿರುವಾಗ ಉಮ್ಮ್ ಸುಹೈಲ್ ಬಂದು, ಕಾಫಿ ಮುಟ್ಟದೆ, ಅಂದಳು:
ದಿಗ್ದಗಾದ ಖರ್ಜೂರದ ತೋಟಕ್ಕೆ ಒಂದು ಗೂಡು ಬೇಕು,
ಕಾವಲಿನ ಮೊಫಿಜುಲ್‌ಗೆ.
ಕರೆಂಟಿನ ಕಂಬ ಅಲ್ಲಿಗೆ ಬಂದಿಲ್ಲ.
ಬಾವಿ ಉಪ್ಪಾಗಿ ಒಂಬತ್ತು ವರ್ಷ.
ಕಳೆದ ಆಗಸ್ಟಿನಲ್ಲಿ ತಗಡಿನ ಕ್ಯಾಬಿನ್ನಿನೊಳಗೆ
ಅವನು ಎಚ್ಚರ ತಪ್ಪಿ ಬಿದ್ದಿದ್ದ.
'ನನ್ನಜ್ಜಿ ಹುಟ್ಟಿದ್ದು ಅರೀಶಿನಲ್ಲಿ, ಗರಿಯ ಮನೆ.
ಅದು ಉಸಿರಾಡುತ್ತಿತ್ತು.
ನೀನು ಓದಿದವಳು, ಅಷ್ಟಾದರೂ ಮಾಡು.'

ಹಾಳೆಯ ಬೆನ್ನಿಗೆ ಬರೆದೆ: ಹನ್ನೆರಡು ಅಡಿ, ಹದಿನಾಲ್ಕು ಅಡಿ.
ಗೋಡೆ ಒಂದೂವರೆ ಅಡಿ ದಪ್ಪ, ಮಣ್ಣಿನದು.
ಮಣ್ಣು ಎಂದ ಕೂಡಲೇ ಆಫೀಸಿನಲ್ಲಿ ನಕ್ಕರು.
ನಗಲಿ. ಗಜೇಂದ್ರಗಡದ ಮೇಲ್ಮುದ್ದೆಯ ಕೆಳಗೆ
ಬೆಳಕಿಂಡಿಯಿಂದ ಇಳಿದ ಬಿಸಿಲಿನ ರೊಟ್ಟಿ
ನೆಲದ ಮೇಲೆ ಜರುಗುವುದನ್ನು ನೋಡುತ್ತ
ಗಣಿತ ಕಲಿತವಳು ನಾನು.
ಮಣ್ಣಿಗೆ ಎಷ್ಟು ತಾಳ್ಮೆ ಎಂದು
ಯಾವ ಕೋಷ್ಟಕವನ್ನೂ ಕೇಳಬೇಕಿಲ್ಲ.

ಗಾರೆಯವನು ಗುಲ್ ಜಮಾನ್, ದೀರ್ ಕಣಿವೆಯವನು.
ಹುಲ್ಲು ಬೆರೆಸಿದ ಕೆಸರು ತುಳಿಯುತ್ತ ಮಿಕ್ಸರನ್ನು ಬೈದ:
'ಅದಕ್ಕೆ ಕಾಲಿಲ್ಲ, ಹದ ಹೇಗೆ ಗೊತ್ತಾಗಬೇಕು?'
ವಾಯುವ್ಯಕ್ಕೆ ಬಾಯಿ ತೆರೆದ ಗಾಳಿಗೋಪುರ;
ಶಮಾಲ್ ಬೀಸಿದರೆ ನೇರ ಮಂಚದ ಮೇಲೆ ಇಳಿಯಬೇಕು.
ಮಾಳಿಗೆಯಲ್ಲಿ ಎರಡು ಸೋಲಾರ್ ಹಲಗೆ:
ಒಂದು ಫ್ಯಾನು, ಎರಡು ದೀಪ, ಫೋನಿಗೊಂದು ತೂತು.
ಸಿಲ್ಹೆಟ್ಟಿನಿಂದ ಹೆಂಡತಿಯ ಮುಖ ಅಷ್ಟರಲ್ಲೇ ಬರಬೇಕು.
ಪಾತ್ರೆ ತೊಳೆದ ನೀರು ನುಗ್ಗೆಗೆ.
ಹಿತ್ತಲಲ್ಲಿ ಇಳಿಜಾರು ಗಾಜಿನ ಪೆಟ್ಟಿಗೆ:
ಸವಳು ನೀರು ಬಿಸಿಲಿಗೆ ಕಾಯುತ್ತದೆ, ಗಾಜು ಬೆವರುತ್ತದೆ,
ಬೆವರು ಸಿಹಿಯಾಗಿ ತೊಟ್ಟಿಕ್ಕುತ್ತದೆ.
ಈ ಸೀಮೆಯಲ್ಲಿ ಬೆವರಿಗೆ
ಅದೊಂದು ಕಡೆಯಾದರೂ ನ್ಯಾಯ.

ಲೆಕ್ಕ ಹಾಕಿದೆ.
ಕುಡಿಯಲು ಆರು, ಅಡುಗೆಗೆ ನಾಲ್ಕು, ಕೈಬಾಯಿಗೆ ಐದು,
ಮೋಡದ ದಿನಕ್ಕೆಂದು ಎತ್ತಿಡಲು ಮೂರು.
ಹದಿನೆಂಟು ಲೀಟರ್. ಗೆರೆ ಎಳೆದು ಸಹಿ ಹಾಕಿದೆ.
ಯಾರ ಹಂಗೂ ಇಲ್ಲದ ಮನೆ.
ಆ ಮಾತು ನನಗೆ ಬಹಳ ಹಿಡಿಸಿತ್ತು.

ಜೂನಿನಲ್ಲಿ ಫೋನು: ನೀರು ಸಾಲುತ್ತಿಲ್ಲ, ಆಪಾ.

ಎಲ್ಲೋ ಸೋರುತ್ತಿದೆ ಎಂದು
ವಾಷರು, ಅಂಟು, ಟಾರ್ಚು ಹೊತ್ತು ಹೋದೆ.
ಗಾಜಿನ ಅಂಚಿಗೆ ಬೆರಳಾಡಿಸಿದೆ, ಒಣ.
ಪೈಪು, ಒಣ.
ತೊಟ್ಟಿಯ ಕೆಳಗಿನ ಮರಳು ಕೂಡ.

ರಸ್ತೆಯ ಕಡೆಗಿನ ಗೋಡೆಯಲ್ಲಿ
ನಾನು ಬರೆಯದ ಒಂದು ನಲ್ಲಿ.
ಸರಪಳಿಗೆ ಕಟ್ಟಿದ ಸ್ಟೀಲ್ ಲೋಟ.
ನೆರಳಿಗೆ ಎರಡು ಗರಿ.

'ನಲ್ಲಿ ಗುಲ್ ಜಮಾನ್‌ದು, ಲೋಟ ನನ್ನದು,'
ನೆಲ ನೋಡುತ್ತ ಹೇಳಿದ ಮೊಫಿಜುಲ್.
ಒಂಟೆ ಅಟ್ಟುವ ಸುಡಾನಿನವ, ಪಾರ್ಸೆಲ್ ಬೈಕಿನ ಹುಡುಗ,
ಬೇಲಿ ಹಾಕುವ ಮೂವರು ನೇಪಾಳಿಗಳು.
ಗಾಜು ಬೆವರುವುದನ್ನು ನೋಡಲೆಂದೇ ನಿಲ್ಲುತ್ತಾರಂತೆ.
'ಒಬ್ಬನಿಗೆ ಸಾಕಾಗುವ ಮನೆ ಅಂದಿರಿ.
ಅವರು ನೋಡುತ್ತಿರುವಾಗ
ಒಬ್ಬನೇ ಹೇಗೆ ಕುಡಿಯುವುದು?'

ಉಮ್ಮ್ ಸುಹೈಲ್‌ಗೆ ದೂರಿದೆ. ಅವಳಿಗೆ ನಗು.
'ನಮ್ಮ ಕಾಂಪೌಂಡಿನ ಹೊರಗೂ ಸಬೀಲ್ ಇದೆ.
ಬಂದಾಗಲೆಲ್ಲ ನೀನು ಕಾರು ನಿಲ್ಲಿಸುವುದು ಅದರ ಮುಂದೆಯೇ.'

ರಾತ್ರಿ ಹಾಳೆ ಬಿಚ್ಚಿದೆ.
'ವಾಸಿಸುವವರು' ಎಂಬುದರ ಮುಂದೆ 'ಒಂದು' ಎಂದಿತ್ತು.
ರಬ್ಬರಿನಿಂದ ಉಜ್ಜಿದೆ. ಯಾವ ಅಂಕಿ ಬರೆಯಲಿ ಎಂದು
ಪೆನ್ಸಿಲ್ ಕಚ್ಚುತ್ತ ಕುಳಿತು, ಹಾಗೇ ಬಿಟ್ಟೆ.
ಗಾಜು ಎರಡು ಚದರ ಮೀಟರ್ ಹೆಚ್ಚಿಸಿದೆ.
ನಲ್ಲಿಯನ್ನು ನಕ್ಷೆಯೊಳಗೆ ತಂದೆ.
ಸರಪಳಿಯ ಉದ್ದ ಬರೆದೆ:
ಗೋಡೆಗೊರಗಿ ಕುಳಿತವನಿಗೂ
ಎಟುಕುವಷ್ಟು.